ದಂಡಿನ ಚರ್ಚು ಊರಿನದಾದ ಬಗೆ

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ ಕಬ್ಬನ್ ಪಾರ್ಕ್ ಕಡೆಯಿಂದ ಶುರುವಾಗುವಲ್ಲಿ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಇದೆ. ಜೆ.ಪಿ. ನಗರದಿಂದ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಎಂ.ಜಿ. ರಸ್ತೆಗೆ ಹೋಗುವವರು ಬಹಳ. ಅಂಗಡಿ ಸುತ್ತಿ, ಕಾಫಿ ಕುಡಿದು ಮರಳುವ ನಮ್ಮಲ್ಲಿ ಈ ಚರ್ಚಿನ ಒಳಗೆ ಕಾಲಿಟ್ಟವರು ಎಷ್ಟು ಮಂದಿ?

ಇದರ ಕಥೆ ಶ್ರೀರಂಗಪಟ್ಟಣದಿಂದ ಆರಂಭವಾಗುತ್ತದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹುತಾತ್ಮರಾದ ನಂತರ ಕಂಪೆನಿಯ ಸೈನ್ಯ ಅಲ್ಲಿಯೇ ಬೀಡುಬಿಟ್ಟಿತು. ಆದರೆ ಅಲ್ಲಿನ ಜ್ವರ ಸೈನಿಕರನ್ನು ಬಲಿ ತೆಗೆದುಕೊಳ್ಳತೊಡಗಿತು. ಹೀಗಾಗಿ ತಂಪು ಹವೆಯ ಬೆಂಗಳೂರಿನಲ್ಲಿ ದಂಡು ಪ್ರದೇಶ ತಲೆಯೆತ್ತಿತು. ಸೈನಿಕರ ಕವಾಯತಿಗೆ ಪರೇಡ್ ಮೈದಾನ, ಅದರ ದಕ್ಷಿಣದ ಅಂಚಿಗೆ ಸೌತ್ ಪರೇಡ್ ರಸ್ತೆ. ಇಂದಿನ ಎಂ.ಜಿ. ರಸ್ತೆಯೇ ಅದು. ಅಲ್ಲಿ 1808ರಲ್ಲಿ ಚರ್ಚಿಗೆ ಅಡಿಪಾಯ ಬಿತ್ತು. 1812ರಲ್ಲಿ ಕಟ್ಟಡ ಮುಗಿಯಿತು. ಆಗ ಕಂಪೆನಿಯ ಆಳ್ವಿಕೆಗೆಲ್ಲ ಒಬ್ಬರೇ ಆಂಗ್ಲಿಕನ್ ಬಿಷಪ್. ಅವರು ಇದ್ದದ್ದು ಕಲ್ಕತ್ತೆಯಲ್ಲಿ. 1816ರಲ್ಲಿ ಅವರು ಇಲ್ಲಿಗೆ ಬಂದು ಚರ್ಚನ್ನು ಪ್ರತಿಷ್ಠಾಪಿಸಿದರು.

ಲಂಡನ್ನಿನ ಸೇಂಟ್ ಪಾಲ್ಸ್ ಇದಕ್ಕೆ ಮಾದರಿ ಎನ್ನುತ್ತಾರೆ. ದೊಡ್ಡ ಗುಮ್ಮಟ, ಬಣ್ಣದ ಗಾಜಿನ ಕಿಟಕಿಗಳು ನೋಡತಕ್ಕವು. 1923ರಲ್ಲಿ ಬೆಂಕಿಗೆ ತುತ್ತಾದ ಕಟ್ಟಡ ದುರಸ್ತಿಯಾಗಿ 1927ರಲ್ಲಿ ಮತ್ತೆ ತೆರೆಯಿತು.

ಒಳಗಿನ ಗೋಡೆಗಳಲ್ಲಿ ಬ್ರಿಟಿಷ್ ಅಧಿಕಾರಿಗಳ ನೆನಪಿನ ಫಲಕಗಳಿವೆ. ನಿಧಾನವಾಗಿ ಓದಬೇಕಾದ ಫಲಕಗಳು ಅವು. ತವರಿನಿಂದ ಸಾವಿರಾರು ಮೈಲಿ ದೂರದಲ್ಲಿ ಸತ್ತವರ ದುಃಖವೂ ಅಲ್ಲಿದೆ, ಒಂದೇ ಪಕ್ಷದ ಇತಿಹಾಸವೂ ಅಲ್ಲಿದೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಕಾಯುತ್ತ ಪ್ರಾಣಬಿಟ್ಟ ಕಿಲ್ಲೇದಾರ ಬಹಾದ್ದೂರ್ ಖಾನರನ್ನಾಗಲಿ ಅವರ ಸಿಪಾಯಿಗಳನ್ನಾಗಲಿ ಇಲ್ಲಿ ಹುಡುಕುವಂತಿಲ್ಲ.

ಅದೇ ಯುದ್ಧದಲ್ಲಿ ಸತ್ತ ಬ್ರಿಟಿಷರಿಗಾಗಿ ಹಡ್ಸನ್ ವೃತ್ತದ ಬಳಿ ಒಂದು ಸ್ಮಾರಕ ಸ್ತಂಭವಿತ್ತು. ಸ್ವಾತಂತ್ರ್ಯ ಬಂದ ಮೇಲೂ ಪರಕೀಯರ ವಿಜಯದ ಗುರುತು ಊರ ನಡುವೆ ಏಕೆ ಎಂಬ ಕೂಗೆದ್ದು 1964ರಲ್ಲಿ ಅದನ್ನು ಕೆಡವಲಾಯಿತು. ಸೇಂಟ್ ಮಾರ್ಕ್ಸ್ ಮಾತ್ರ ಉಳಿಯಿತು. ಎರಡನ್ನೂ ನಿಲ್ಲಿಸಿದ್ದು ಅದೇ ಸಾಮ್ರಾಜ್ಯವಲ್ಲವೇ?

ವ್ಯತ್ಯಾಸ ಇಷ್ಟೇ: ಸ್ತಂಭಕ್ಕೆ ಗೆಲುವಿನ ನೆನಪಲ್ಲದೆ ಬೇರೆ ಕೆಲಸವಿರಲಿಲ್ಲ. ಚರ್ಚಿಗೆ ಜನರಿದ್ದರು, ಆ ಜನರು ಬದಲಾದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಒಂದಾದವು. ದೊರೆಗಳ ಸೇಂಟ್ ಮಾರ್ಕ್ಸ್, ಕನ್ನಡದಲ್ಲಿ ಆರಾಧನೆ ನಡೆಯುವ ಹಡ್ಸನ್ ಸ್ಮಾರಕ ಚರ್ಚು ಎರಡೂ ಒಂದೇ ಸಭೆಗೆ ಸೇರಿದವು. 1948ರಲ್ಲಿ ಸೌತ್ ಪರೇಡಿಗೆ ಗಾಂಧೀಜಿಯ ಹೆಸರು ಬಂತು. 1949ರಲ್ಲಿ ಪೇಟೆ, ದಂಡು ಕೂಡಿ ಒಂದೇ ಪಾಲಿಕೆಯಾಯಿತು.

ಇಂದು ಅಲ್ಲಿ ಮೊಣಕಾಲೂರುವವರು ಟಿಪ್ಪುವಿನ ವಿರುದ್ಧ ಬಂದೂಕು ಹಿಡಿದವರಲ್ಲ. ನಮ್ಮ ನೆರೆಹೊರೆಯವರು, ಜೊತೆಯಲ್ಲಿ ಕೆಲಸ ಮಾಡುವವರು. ಕಟ್ಟಿಸಿದವರ ಲೆಕ್ಕವನ್ನು ಪ್ರಾರ್ಥಿಸುವವರ ತಲೆಗೆ ಕಟ್ಟುವುದು ಇತಿಹಾಸವೂ ಅಲ್ಲ, ನ್ಯಾಯವೂ ಅಲ್ಲ. ಹಳೆಯ ಆರಾಧನಾಲಯಗಳ ಅಡಿಪಾಯ ಕೆದಕುವ ಇಂದಿನ ದಿನಗಳಲ್ಲಿ ಈ ಮಾತು ಚರ್ಚಿಗೆ ಮಾತ್ರವಲ್ಲ, ಮಸೀದಿ ಮಂದಿರಗಳಿಗೂ ಸಲ್ಲುತ್ತದೆ. ಫಲಕಗಳನ್ನು ಓದೋಣ, ಅವು ಹೇಳದೆ ಬಿಟ್ಟದ್ದನ್ನೂ ನಮ್ಮ ಮಕ್ಕಳಿಗೆ ಹೇಳೋಣ. ಆದರೆ ಹಗೆಯನ್ನು ಹೊತ್ತುಕೊಂಡು ಹೊರಬರುವುದು ಬೇಡ.