ತಾಮ್ರದ ಪೈಪಿನ ಬೆಸುಗೆಯಲ್ಲಿ ಅಡಗಿದ್ದ ಸೀಸ

ಪ್ಲಂಬರ್ ಅನ್ನೋ ಪದದಲ್ಲಿ ಆ 'ಬ' ಯಾಕಿದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಇಂಗ್ಲಿಷಿನವರು ಬರೆಯುತ್ತಾರೆ, ಉಚ್ಚರಿಸುವಾಗ ನುಂಗಿಬಿಡುತ್ತಾರೆ. ನಾವು ಮಾತ್ರ ಪ್ರಾಮಾಣಿಕವಾಗಿ ಪ್ಲಂ-ಬ-ರ್ ಅಂತೀವಿ :) ಲ್ಯಾಟಿನ್ನಿನಲ್ಲಿ ಪ್ಲಂಬಂ ಅಂದರೆ ಸೀಸ. ಹೈಸ್ಕೂಲಿನಲ್ಲಿ ಉರು ಹೊಡೆದ 'ಪಿಬಿ' ಕೂಡ ಅಲ್ಲಿಂದಲೇ ಬಂದದ್ದು. ರೋಮನ್ನರು ನೀರಿನ ಕೊಳವೆಗಳನ್ನು ಸೀಸದಲ್ಲಿ ಮಾಡುತ್ತಿದ್ದರು, ಆ ಕೆಲಸದವನೇ ಪ್ಲಂಬರ್ ಆದ.

ಸೀಸ ಒಳ್ಳೆಯದಲ್ಲ ಅಂತ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಕ್ರಿಸ್ತಪೂರ್ವ ಮೊದಲ ಶತಮಾನದ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ತನ್ನ ಗ್ರಂಥದಲ್ಲಿ, ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರೇ ಆರೋಗ್ಯಕ್ಕೆ ಒಳ್ಳೆಯದು ಅಂತ ಬರೆದಿದ್ದಾನೆ. ಅದಕ್ಕೆ ಅವನು ಕೊಟ್ಟ ಸಾಕ್ಷಿ, ಸೀಸ ಕರಗಿಸುವ ಕೆಲಸಗಾರರ ಬಿಳಿಚಿಕೊಂಡ ಮೈಬಣ್ಣ.

ತಾಮ್ರದ ಕೊಳವೆಯೇನೂ ಹೊಸದಲ್ಲ. ಈಜಿಪ್ಟಿನ ಅಬೂಸಿರ್‌ನಲ್ಲಿ, ಸಾಹುರೆ ಎಂಬ ಅರಸನ ಪಿರಮಿಡ್ಡಿನ ದೇವಾಲಯದಲ್ಲಿ, ಸುಮಾರು 4,500 ವರ್ಷ ಹಿಂದಿನ ತಾಮ್ರದ ಚರಂಡಿ ಕೊಳವೆ ಸಿಕ್ಕಿದೆ. ಆದರೆ ಮನೆಮನೆಯ ಅಡುಗೆಕೋಣೆಗೆ ತಾಮ್ರ ಬಂದದ್ದು ತೀರಾ ಈಚೆಗೆ. ಅಮೆರಿಕದಲ್ಲಿ 1920-30ರ ದಶಕಗಳಲ್ಲಿ ತೆಳು ಗೋಡೆಯ ತಾಮ್ರದ ಪೈಪುಗಳು ಬಳಕೆಗೆ ಬಂದವು, ಎರಡನೇ ಮಹಾಯುದ್ಧದ ನಂತರ ಕಟ್ಟಿದ ಬಡಾವಣೆಗಳಲ್ಲಿ ಎಲ್ಲೆಲ್ಲೂ ಅವೇ. ಸೀಸದ ಪೈಪಿಗಿಂತ ಹಗುರ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಹಾಗಾದರೆ ಸೀಸ ಹೋಯಿತು ಅಂದುಕೊಂಡಿರಾ? ಇಲ್ಲ. ಪೈಪಿನಿಂದ ಹೊರಟು ಬೆಸುಗೆಯೊಳಗೆ ಬಚ್ಚಿಟ್ಟುಕೊಂಡಿತು.

ಈ ಬೆಸುಗೆ ನೋಡೋಕೆ ಬಹಳ ಚೆಂದ. ಪೈಪಿನ ತುದಿಯನ್ನು ಉಜ್ಜಿ ಹೊಳೆಯುವಂತೆ ಮಾಡಬೇಕು, ಫ್ಲಕ್ಸ್ ಸವರಬೇಕು, ಜೋಡಣೆಯ ತುಂಡಿನೊಳಗೆ ತೂರಿಸಬೇಕು. ಆಮೇಲೆ ಟಾರ್ಚಿನಿಂದ ಕಾಯಿಸಬೇಕು. ಬೆಸುಗೆ ತಂತಿಯನ್ನಲ್ಲ, ತಾಮ್ರವನ್ನು. ಹದವಾಗಿ ಕಾದ ಮೇಲೆ ತಂತಿ ಮುಟ್ಟಿಸಿದರೆ ಸಾಕು, ಕರಗಿದ ಲೋಹವನ್ನು ಆ ಸಂದು ಸರ್ರಂತ ಕುಡಿದುಬಿಡುತ್ತದೆ, ಕೆಳಗಿನಿಂದ ಮೇಲಕ್ಕೂ ಏರುತ್ತದೆ! ದೀಪದ ಬತ್ತಿ ಎಣ್ಣೆ ಎಳೆಯುವುದು ಯಾವ ಶಕ್ತಿಯಿಂದಲೋ ಇದೂ ಅದರಿಂದಲೇ. ಸಂದು ಒಂದು ಇಂಚಿನ ಸಾವಿರದಲ್ಲಿ ಎರಡರಿಂದ ಐದು ಪಾಲು ಇದ್ದರೆ ಒಳ್ಳೆಯ ಹಿಡಿತ.

ನಮ್ಮ ಕಡೆಯ ಕಲಾಯಿಯವನನ್ನು ನೋಡಿದ್ದರೆ ನಿಮಗೆ ಇದು ಹೊಸದೆನಿಸುವುದಿಲ್ಲ. ತಾಮ್ರದ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ಬಿಳಿ ಹೊಗೆ ಏಳುತ್ತಿದ್ದಂತೆ ತವರ ಮುಟ್ಟಿಸಿ ಬಟ್ಟೆಯಿಂದ ಸವರುತ್ತಿದ್ದ. ಫ್ಲಕ್ಸಿನ ಕೆಲಸವನ್ನು ಅಲ್ಲಿ ನವಸಾಗರ ಮಾಡುತ್ತಿತ್ತು. ಹುಳಿ ಸಾರಿಗೆ ತಾಮ್ರ ಬಿಡಬಾರದೆಂದು ತವರದ ಲೇಪ. ತವರಕ್ಕಿಂತ ಸೀಸ ಅಗ್ಗ ಅನ್ನುವುದು ಅಲ್ಲಿಯೂ ಒಂದು ಸಮಸ್ಯೆಯೇ. ನಮ್ಮಜ್ಜಿ ಪಕ್ಕದಲ್ಲೇ ನಿಂತು "ಬರೀ ತವರ ಹಾಕಪ್ಪಾ" ಅಂತ ಕಾವಲು ಕಾಯುತ್ತಿದ್ದರು.

ಪ್ಲಂಬರುಗಳ ಬೆಸುಗೆ ಅರ್ಧ ತವರ, ಅರ್ಧ ಸೀಸ. ಇದಕ್ಕೆ ಅಗ್ಗದ ಜೊತೆ ಇನ್ನೊಂದು ಕಾರಣವಿತ್ತು. ಈ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಪೂರ್ತಿ ಕರಗುವುದು 216ರ ಸುಮಾರಿಗೆ. ನಡುವೆ ಮುದ್ದೆಯ ಹದ, ಕೈಗೆ ಸಾಕಷ್ಟು ಪುರುಸೊತ್ತು. 95 ಪಾಲು ತವರ, 5 ಪಾಲು ಆಂಟಿಮನಿ ಇರುವ ಸೀಸರಹಿತ ಬೆಸುಗೆ 232ರಿಂದ 240ರೊಳಗೆ ಮುಗಿದುಹೋಗುತ್ತದೆ. ಅನುಭವಸ್ಥರು ಹಳೆಯದನ್ನು ಬಿಡಲು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟೆಲ್ಲ ನನ್ನ ತಲೆಗೆ ಹೊಕ್ಕದ್ದು ಗೆಳೆಯನೊಬ್ಬನ ಮನೆಯಿಂದ. ಇಲ್ಲಿ ಅಮೆರಿಕದಲ್ಲಿ ಅವನು ಕೊಂಡದ್ದು 1960ರ ದಶಕದ ಮನೆ. ಡಿಶ್‌ವಾಷರ್ ಕೂರಬೇಕಾದ ಜಾಗದಲ್ಲೇ ಬಿಸಿನೀರಿನ ತಾಮ್ರದ ಪೈಪು ಹಾದುಹೋಗಿತ್ತು, ಅದನ್ನು ಕತ್ತರಿಸಿ ಪಕ್ಕಕ್ಕೆ ತಿರುಗಿಸಬೇಕಿತ್ತು. ಎರಡು ಶನಿವಾರ ಅವನಿಗೆ ಟಾರ್ಚು ಹಿಡಿದೆ. ಕತ್ತರಿಸಿದ ಹಳೆಯ ಬೆಸುಗೆ ಮಂಕು ಬೂದು ಬಣ್ಣ, ಚಾಕುವಿನಿಂದ ಗೀರಿದರೆ ಬೆಣ್ಣೆಯಂತೆ ಮೆತ್ತಗೆ, ಒಳಗೆ ಫಳಫಳ. ಸೀಸದ ಲಕ್ಷಣ. ಅವರ ಮಗುವಿಗೆ ಎಂಟು ತಿಂಗಳು, ಹಾಲಿನ ಪುಡಿ ಕಲಸುವುದು ಅದೇ ಸಿಂಕಿನ ನೀರಿನಲ್ಲಿ. ಬೆಳೆಯುವ ಮಿದುಳಿಗೆ ಇಷ್ಟು ಸೀಸವಾದರೆ ಪರವಾಗಿಲ್ಲ ಅನ್ನುವ ಮಿತಿಯೇ ಸಿಕ್ಕಿಲ್ಲ. ಗೆಳೆಯನ ಹೆಂಡತಿ ಆ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ.

ಅಂದ ಹಾಗೆ ಡಿಶ್‌ವಾಷರ್ ಕತೆಯೂ ಸ್ವಾರಸ್ಯವಾಗಿದೆ. ಇಲಿನಾಯ್ ರಾಜ್ಯದ ಜೋಸೆಫಿನ್ ಕಾಕ್ರನ್ ಎಂಬ ಮಹಿಳೆ ಅದಕ್ಕೆ ಪೇಟೆಂಟ್ ಪಡೆದದ್ದು 1886ರ ಡಿಸೆಂಬರ್ 28ರಂದು. ತಾಮ್ರದ ಹಂಡೆಯೊಳಗೆ ತಿರುಗುವ ಚಕ್ರ, ಅದರಲ್ಲಿ ತಂತಿಯ ಗೂಡುಗಳು, ಮೇಲೆ ಚಿಮ್ಮುವ ಬಿಸಿ ಸೋಪಿನ ನೀರು. 1893ರ ಷಿಕಾಗೋ ಜಾಗತಿಕ ಮೇಳದಲ್ಲಿ ಎಲ್ಲರೂ ಬೆರಗಾದರು, ಆದರೆ ಕೊಂಡವರು ಹೆಚ್ಚಾಗಿ ಹೋಟೆಲಿನವರು. ಯಂತ್ರಕ್ಕೆ ಬೇಕಾದಷ್ಟು ಬಿಸಿನೀರು ಬಹುತೇಕ ಮನೆಗಳಲ್ಲಿ ಇರಲೇ ಇಲ್ಲ. ಮನೆಗಳಿಗೆ ಅದು ಒಗ್ಗಿದ್ದು 1950ರ ದಶಕದಲ್ಲಿ, ತಾಮ್ರದ ಪೈಪಿನ ಜೊತೆಜೊತೆಗೆ.

ಆ ಪೇಟೆಂಟಿಗೆ ನೂರು ವರ್ಷ ತುಂಬಿದ 1986ರಲ್ಲೇ ಅಮೆರಿಕ ಕುಡಿಯುವ ನೀರಿನ ಕಾಯಿದೆಗೆ ತಿದ್ದುಪಡಿ ತಂದು, ಬೆಸುಗೆಯಲ್ಲಿ ಶೇಕಡಾ 0.2ಕ್ಕಿಂತ ಹೆಚ್ಚು ಸೀಸ ಕೂಡದು ಅಂದಿತು. ರಾಜ್ಯಗಳಿಗೆ 1988ರವರೆಗೆ ಗಡುವು. ಅದೇ 1986ರವರೆಗೂ ಷಿಕಾಗೋ ನಗರದ ನಿಯಮ, ರಸ್ತೆಯಿಂದ ಮನೆಗೆ ಬರುವ ಕೊಳವೆ ಸೀಸದ್ದೇ ಆಗಿರಬೇಕು ಅನ್ನುತ್ತಿತ್ತು! ವಿಟ್ರೂವಿಯಸ್ ಹೇಳಿ ಎರಡು ಸಾವಿರ ವರ್ಷದ ನಂತರ.

ನಮ್ಮ ವೃತ್ತಿಯಲ್ಲಿ ಲೆಗಸಿ ಕೋಡ್ ಅಂತೀವಲ್ಲ, ಈ ಕಾಯಿದೆಯ ಪಾಡೂ ಅದೇ. ಹೊಸದನ್ನು ನಿಷೇಧಿಸಿತು, ಗೋಡೆಯೊಳಗಿನ ಹಳೆಯದನ್ನು ಹಾಗೇ ಬಿಟ್ಟಿತು. 2014ರ ಏಪ್ರಿಲ್‌ನಲ್ಲಿ ಫ್ಲಿಂಟ್ ನಗರ ನೀರಿನ ಮೂಲವನ್ನು ನದಿಗೆ ಬದಲಾಯಿಸಿ, ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕ ಬೆರೆಸದೆ ಹೋದಾಗ ಆ ಹಳೆಯದೆಲ್ಲ ನೀರಿಗಿಳಿಯಿತು. 2024ರ ಅಕ್ಟೋಬರಿನಲ್ಲಿ ಹೊರಡಿಸಿದ ನಿಯಮವೂ ರಸ್ತೆಯಿಂದ ಮನೆಗೆ ಬರುವ ಸೀಸದ ಕೊಳವೆಗಳನ್ನು ತೆಗೆಯಿರಿ ಅನ್ನುತ್ತದೆಯೇ ಹೊರತು ಮನೆಯೊಳಗಿನ ಬೆಸುಗೆಯ ತಂಟೆಗೆ ಹೋಗುವುದಿಲ್ಲ.

ಹಳೆಯ ಬೆಸುಗೆಯ ಮೇಲೆ ವರ್ಷಗಳು ಕಳೆದಂತೆ ನೀರಿನ ಖನಿಜಗಳ ಪದರ ಕಟ್ಟುತ್ತದೆ. ಹಾಗಾಗಿ ಹೊಸ ಬೆಸುಗೆಯಿಂದ ಮೊದಲ ಕೆಲವು ವರ್ಷಗಳಲ್ಲೇ ಸೀಸ ಹೆಚ್ಚು ಬಿಡುತ್ತಿತ್ತು. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನಲ್ಲಿ ಜಾಸ್ತಿ, ಬಿಸಿನೀರಿನಲ್ಲಿ ಇನ್ನೂ ಜಾಸ್ತಿ. ಇಲ್ಲಿ ಹಳೇ ಮನೆಯಲ್ಲಿರುವವರು ಬೆಳಗಿನ ಮೊದಲ ನೀರನ್ನು ಹರಿಯಬಿಡಿ, ಕಾಫಿಗೆ ತಣ್ಣೀರಿನ ನಲ್ಲಿಯಿಂದಲೇ ಹಿಡಿದು ಒಲೆಯ ಮೇಲೆ ಕಾಯಿಸಿಕೊಳ್ಳಿ. ಕಾಯಿಸಿದರೆ ಸೀಸ ಹೋಗುತ್ತದೆ ಅಂದುಕೊಳ್ಳಬೇಡಿ, ಹೋಗುವುದಿಲ್ಲ. ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅಳೆದು ಹೇಳುತ್ತಾರೆ.