ಸೆಬಾನ ಹೆಸರು ಹೊತ್ತ ಕಡಲ ಹೂವು



ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. 'ಸೆಬೆ ಅನಿಮೋನ್' ಎಂಬ ಚೀಟಿ ನೋಡಿ ಕೊಂಡು ತಂದ ಹಾಲುಬಿಳುಪಿನ ಕಡಲ ಹೂವು ಒಂದೇ ತಿಂಗಳಲ್ಲಿ ಕರಗಿಹೋಯಿತೆಂದು ಬರೆದು, "ಮಾಸ್ತರೇ, ಈ ಸೆಬೆ ಎಂದರೆ ಏನು?" ಎಂದು ಕೇಳಿದ್ದಾನೆ. ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಮಾತ್ರ ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಕಡಲ ಹೂವು ಎಂದರೂ ಅದು ಹೂವಲ್ಲ, ಹವಳದ ಹತ್ತಿರದ ಬಂಧುವಾದ ಪ್ರಾಣಿ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಮುಳುಗಿ ಬಂದವರು, ಅದರ ಮಡಿಲಲ್ಲಿ ಆಡುವ ಪಟ್ಟೆಪಟ್ಟೆಯ ಕ್ಲೌನ್ ಮೀನನ್ನು ಮರೆಯುವುದಿಲ್ಲ. ಅನಿಮೋನಿನ ಕುಟುಕು ಕೋಶಗಳು ಉಳಿದ ಮೀನುಗಳಿಗೆ ಅಪಾಯ, ಈ ಮೀನಿಗೆ ಆಶ್ರಯ. ಈ ಸ್ನೇಹವನ್ನು ಕತ್ಬರ್ಟ್ ಕಾಲಿಂಗ್‌ವುಡ್ ಎಂಬ ಆಂಗ್ಲ ನಿಸರ್ಗತಜ್ಞರು ಚೀನಾ ಸಮುದ್ರದಲ್ಲಿ ಕಂಡು 1868ರಲ್ಲಿ ವರದಿ ಮಾಡಿದರು.

ಇನ್ನು ಸೆಬೆಯ ಕಥೆ. ಆಲ್ಬರ್ಟಸ್ ಸೆಬಾ (1665–1736) ಆಂಸ್ಟರ್‌ಡ್ಯಾಮಿನ ಔಷಧ ವ್ಯಾಪಾರಿ. ದೂರದೇಶಗಳಿಂದ ಬರುವ ಹಡಗಿನವರಿಂದ ಹಾವು, ಚಿಪ್ಪು, ಮೀನು, ಹವಳಗಳನ್ನು ಕೊಂಡು ಕೂಡಿಡುವುದು ಅವನ ಹವ್ಯಾಸ. ಅವನ ಮೊದಲ ಸಂಗ್ರಹವನ್ನು ರಷ್ಯದ ಚಕ್ರವರ್ತಿ ಪೀಟರ್ ಕೊಂಡುಕೊಂಡ. ಸೆಬಾ ಮತ್ತೆ ಕೂಡಿಸತೊಡಗಿದ, ಮತ್ತು ಆ ಎರಡನೆಯ ಸಂಗ್ರಹದ ಚಿತ್ರಗಳು 1734ರಿಂದ 1765ರ ವರೆಗೆ ನಾಲ್ಕು ಬೃಹತ್ ಸಂಪುಟಗಳಾಗಿ ಹೊರಬಂದವು. 1735ರಲ್ಲಿ ಲಿನೇಯಸ್ ಈ ಸಂಗ್ರಹವನ್ನು ನೋಡಲು ಹೋಗಿದ್ದರು. ಅವರ ಗೆಳೆಯ ಪೀಟರ್ ಆರ್ಟೆಡಿ ಸೆಬಾನ ಮೀನುಗಳನ್ನು ವಿವರಿಸುವ ಕೆಲಸ ಹಿಡಿದಿದ್ದರು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸೆಬಾನ ಮನೆಯಿಂದ ರಾತ್ರಿ ಹಿಂದಿರುಗುವಾಗ ಕಾಲುವೆಗೆ ಬಿದ್ದು ಮೃತರಾದರು.

1853ರಲ್ಲಿ ಡಚ್ ವೈದ್ಯ ಪೀಟರ್ ಬ್ಲೀಕರ್ ಹಿಂದೂ ಮಹಾಸಾಗರದ ಒಂದು ಕ್ಲೌನ್ ಮೀನಿಗೆ ಸೆಬಾನ ಹೆಸರಿನಿಂದ 'ಆಂಫಿಪ್ರಿಯಾನ್ ಸೆಬೆ' ಎಂದು ನಾಮಕರಣ ಮಾಡಿದರು. ಅಂದರೆ ಸೆಬೆ ಎಂಬುದು ಮೀನಿನ ಹೆಸರು. ಆ ಮೀನು ಸಹಜ ಪರಿಸರದಲ್ಲಿ ವಾಸಿಸುವುದು ಮರಳಿನ ಮೇಲೆ ಚಾಪೆಯಂತೆ ಹರಡಿಕೊಳ್ಳುವ 'ಸ್ಟೈಕೊಡ್ಯಾಕ್ಟೈಲಾ ಹ್ಯಾಡೋನಿ' ಎಂಬ ಅನಿಮೋನಿನಲ್ಲಿ. ಅಕ್ವೇರಿಯಂ ವ್ಯಾಪಾರದವರು ಮೀನಿನ ಹೆಸರನ್ನು ತೆಗೆದು ಬೇರೊಂದು ಅನಿಮೋನಿಗೆ, ಮುಖ್ಯವಾಗಿ 'ಹೆಟೆರ್ಯಾಕ್ಟಿಸ್ ಕ್ರಿಸ್ಪಾ'ಕ್ಕೆ, ಅಂಟಿಸಿದರು. ಮನೆಯ ಯಜಮಾನನ ಹೆಸರನ್ನು ಅವನು ಎಂದೂ ವಾಸಿಸದ ಮನೆಗೆ ಇಟ್ಟಂತಾಯಿತು!

ಈ ಗೊಂದಲವನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಡಫ್ನಿ ಫೌಟಿನ್ (1946–2021). ಕ್ಲೌನ್ ಮೀನುಗಳಿಗೆ ಆಶ್ರಯ ಕೊಡುವ ಅನಿಮೋನುಗಳನ್ನು ಕುರಿತ ಅವರ ಪ್ರೌಢ ಗ್ರಂಥ 1981ರಲ್ಲಿ ಡನ್ ಎಂಬ ಅಂದಿನ ಹೆಸರಿನಲ್ಲಿ ಪ್ರಕಟವಾಯಿತು. 1992ರಲ್ಲಿ ಜೆರಾಲ್ಡ್ ಅಲೆನ್ ಅವರೊಡನೆ ಸಾಮಾನ್ಯರಿಗೂ ತಿಳಿಯುವ ಕೈಪಿಡಿಯೊಂದನ್ನು ಹೊರತಂದರು. ಅದರ ಪ್ರಕಾರ ಇಂಥ ಆತಿಥೇಯ ಅನಿಮೋನುಗಳು ಹತ್ತೇ ಜಾತಿ.

ಅವರು ತೋರಿಸಿದ ದಾರಿ ಸರಳವಾದದ್ದು. ಬಣ್ಣವನ್ನು ನಂಬಬೇಡಿ, ಅದು ಬದಲಾಗುತ್ತದೆ. ಗ್ರಹಣಾಂಗಗಳ ಆಕಾರ, ಕಾಂಡದ ಮೇಲಿನ ನರೂಲಿಯಂಥ ಗುಳ್ಳೆಗಳು, ಬೇರೂರುವ ಜಾಗ, ಈ ಮೂರನ್ನು ನೋಡಿ. ಕ್ರಿಸ್ಪಾದ ಕಾಂಡ ಚರ್ಮದಂತೆ ಗಟ್ಟಿ, ಗುಳ್ಳೆಗಳು ಎದ್ದು ಕಾಣುತ್ತವೆ, ಗ್ರಹಣಾಂಗಗಳು ಉದ್ದವಾಗಿ ತುದಿಗೆ ಚೂಪಾಗುತ್ತವೆ. ಹ್ಯಾಡೋನಿಯ ಗ್ರಹಣಾಂಗಗಳು ಗಿಡ್ಡ, ಮುಟ್ಟಿದರೆ ಅಂಟುತ್ತವೆ. 'ಎಂಟಕ್ಮಿಯಾ ಕ್ವಾಡ್ರಿಕಲರ್' ಬಂಡೆಯ ಸಂದಿಗೆ ಕಾಲು ಕಚ್ಚಿಕೊಳ್ಳುತ್ತದೆ. ಅದಕ್ಕೆ ಗುಳ್ಳೆಗಳಿಲ್ಲ, ಗ್ರಹಣಾಂಗಗಳ ತುದಿ ಅನೇಕ ವೇಳೆ ಬಲ್ಬಿನಂತೆ ಉಬ್ಬಿರುತ್ತದೆ. ಮರಳು ಬೇಕಾದದ್ದನ್ನು ಬರಿಯ ಬಂಡೆಯ ಮೇಲೆ ಇಟ್ಟರೆ ಅದು ನೆಲೆ ಹುಡುಕುತ್ತಾ ತೊಟ್ಟಿಯೆಲ್ಲ ಅಲೆದು ಸೊರಗುತ್ತದೆ. ಹೆಸರು ತಪ್ಪಿದರೆ ಆರೈಕೆಯೂ ತಪ್ಪುತ್ತದೆ ಎಂಬುದು ಹೀಗೆ.

ಆದರೆ ನನ್ನ ವಿದ್ಯಾರ್ಥಿಯ ಅನಿಮೋನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಾಗಿತ್ತು. ಈ ಜೀವಿಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳಿದ್ದು, ಬೆಳಕಿನಿಂದ ಅವು ತಯಾರಿಸುವ ಆಹಾರದ ಬಹುಪಾಲು ಆತಿಥೇಯನಿಗೇ ಸಿಗುತ್ತದೆ. ಸಾಗಣೆಯ ಕಷ್ಟ, ಕತ್ತಲು, ಬಿಸಿ ನೀರು, ಇವುಗಳಿಂದ ಪಾಚಿ ನಷ್ಟವಾದಾಗ ಅನಿಮೋನು ಬಿಳುಚಿಕೊಳ್ಳುತ್ತದೆ. ಅಂಥ ರೋಗಿಯನ್ನೇ 'ಬಿಳಿಯ ಸೆಬೆ' ಎಂಬ ಸುಂದರ ತಳಿಯೆಂದು ಮಾರಿದ್ದುಂಟು. ಬಿಳುಚಿದ್ದಕ್ಕೆ ಹಳದಿ ಬಣ್ಣ ಹಾಕಿ ಮಾರಿದ್ದೂ ಉಂಟು. ಹಸಿವಿನಿಂದ ಬಿಳುಪೇರಿದ ಮಗುವನ್ನು ಎಷ್ಟು ಬೆಳ್ಳಗಿದೆಯೆಂದು ಹೊಗಳಿದಂತೆ!

ಸರಿಯಾಗಿ ನೋಡಿಕೊಂಡರೆ ಅನಿಮೋನು ಎಷ್ಟು ಕಾಲ ಬದುಕಬಲ್ಲದು? ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ 1828ರಲ್ಲಿ ದಡದಿಂದ ತಂದ ಒಂದು ಅನಿಮೋನು ಗಾಜಿನ ಜಾಡಿಯಲ್ಲಿಯೇ ಬಾಳಿತು. ಅವರು 1851ರಲ್ಲಿ ತೀರಿಕೊಂಡ ಮೇಲೂ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ, 'ಅಜ್ಜಿ' ಎಂಬ ಪ್ರೀತಿಯ ಹೆಸರು ಪಡೆದು, 1887ರ ವರೆಗೆ ಜೀವಿಸಿತು. ಸುಮಾರು ಅರುವತ್ತು ವರ್ಷ! ಅದು ತಣ್ಣೀರಿನ ಬೇರೊಂದು ಜಾತಿ, ನಿಜ. ಆದರೆ ಅದು ಏನೆಂದು ಅರಿತು, ಬೇಕಾದ ನೀರನ್ನು ಬೇಕಾದಂತೆ ಬದಲಿಸಿದವರ ಶ್ರದ್ಧೆಯೇ ಆ ಆಯುಷ್ಯದ ಗುಟ್ಟು.

ಹೆಸರುಗಳು ಬದಲಾಗಬಾರದೆಂದು ನಾನು ಹೇಳುತ್ತಿಲ್ಲ. ವಂಶವಾಹಿಗಳ ಅಧ್ಯಯನದಿಂದ ಇತ್ತೀಚೆಗೆ ವಿಜ್ಞಾನಿಗಳು ಕ್ರಿಸ್ಪಾವನ್ನು ರೇಡಿಯಾಂಥಸ್ ಎಂಬ ಹಳೆಯ ಕುಲನಾಮಕ್ಕೆ ಮರಳಿಸಿದ್ದಾರೆ. ಆಧಾರ ನೋಡಿ ತಿದ್ದುವುದು ಬೇರೆ, ಮಾರಾಟಕ್ಕೆಂದು ಅಂಟಿಸುವುದು ಬೇರೆ. ಮೂವತ್ತು ಮಕ್ಕಳ ಹಾಜರಿ ಕರೆಯುವಾಗ ಹೆಸರು ತಪ್ಪಿದರೆ ಮಗುವಿನ ಮುಖ ಬಾಡುವುದನ್ನು ಕಂಡವನು ನಾನು. ಮಗು ತನ್ನ ಹೆಸರನ್ನು ತಾನೇ ಹೇಳಿ ತಿದ್ದಬಲ್ಲದು. ತೊಟ್ಟಿಯೊಳಗಿನ ಮೂಕಜೀವಿಗೆ ಆ ಅವಕಾಶವಿಲ್ಲ. ಅದರ ಪರವಾಗಿ ನೋಡಿ, ಎಣಿಸಿ, ಹೋಲಿಸಿ ಹೇಳುವ ಹೊಣೆ ಕೊಳ್ಳುವವರದು. ಅಷ್ಟು ಸಹನೆಯಿಲ್ಲದಿದ್ದರೆ ನೇತ್ರಾಣಿಯ ನೀರಿಗಿಳಿದು ಕಣ್ತುಂಬ ನೋಡಿ ಬರುವುದೇ ಮೇಲು.