ಅಗ್ಗಿಷ್ಟಿಕೆಯ ಮರದ ಗಿಟಾರು

1963ರ ಆಗಸ್ಟ್ ತಿಂಗಳಲ್ಲಿ, ಲಂಡನ್ನಿನ ಪಶ್ಚಿಮದ ಅಂಚಿನಲ್ಲಿರುವ ಫೆಲ್ಥಮ್ ಎಂಬಲ್ಲಿ, ಒಂದು ಸಾಧಾರಣ ಮನೆಯೊಳಗೆ ತಂದೆಯೂ 16 ವರ್ಷದ ಮಗನೂ ಸೇರಿ ಒಂದು ವಿದ್ಯುತ್ ಗಿಟಾರನ್ನು ಮಾಡಲು ತೊಡಗಿದರು. ಮಗನಿಗೆ ಗಿಟಾರು ಬೇಕಾಗಿತ್ತು. ಅಂಗಡಿಯಲ್ಲಿದ್ದ ಅಮೆರಿಕದ ಗಿಟಾರುಗಳ ಬೆಲೆ ಆ ಮನೆಗೆ ಎಟುಕುವಂತಿರಲಿಲ್ಲ. ಯುದ್ಧಾನಂತರದ ಡಾಲರ್ ಅಭಾವದಿಂದಾಗಿ 1951ರಿಂದ 1959ರ ತನಕ ಅಂಥ ವಾದ್ಯಗಳ ಆಮದಿಗೇ ಬ್ರಿಟನ್ನಿನಲ್ಲಿ ನಿರ್ಬಂಧವಿದ್ದಿತು. ನಿರ್ಬಂಧ ತೆರವಾದ ಮೇಲೆ ವಾದ್ಯಗಳೇನೋ ಬಂದವು, ಬೆಲೆ ಮಾತ್ರ ಇಳಿಯಲಿಲ್ಲ. ತಂದೆ ಹೆರಾಲ್ಡ್ ಮೇ ಸರಕಾರದ ವಿಮಾನಯಾನ ಖಾತೆಯಲ್ಲಿ ಇಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದವರು. ಮನೆಯ ಟೆಲಿವಿಷನ್ನನ್ನು ಸಹ ತಮ್ಮ ಕೈಯಿಂದಲೇ ಮಾಡಿಕೊಂಡವರು. ಕೊಳ್ಳಲಾಗದಿದ್ದುದನ್ನು ಮಾಡಿಕೊಳ್ಳುವುದು ಆ ಮನೆಯ ರೂಢಿಯೇ ಆಗಿತ್ತು. ಮಗನ ಹೆಸರು ಬ್ರಯಾನ್ ಮೇ. ಮುಂದೆ 'ಕ್ವೀನ್' ಎಂಬ ವಾದ್ಯವೃಂದದಲ್ಲಿ ಅವನು ಜಗತ್ತಿನಾದ್ಯಂತ ನುಡಿಸಿದ್ದು ಈ ಗಿಟಾರನ್ನೇ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಗಿಟಾರಿನ ಗೊಡವೆ ಏಕೆಂದು ಕೇಳುಗರಿಗೆ ಅನ್ನಿಸಬಹುದು. ವಾದ್ಯಗಳ ಚರಿತ್ರೆಯೆಂದರೆ ವಾದಕರ ಚರಿತ್ರೆಯೆಂದೇ ನಾವು ತಿಳಿದಿದ್ದೇವೆ. ವಾದ್ಯವನ್ನು ಕೊರೆದವನ, ಕೊರೆದ ಮೇಲೆ ತೃಪ್ತಿಯಾಗದೆ ಮತ್ತೆ ಬಿಚ್ಚಿದವನ ಮಾತು ಅದರಲ್ಲಿ ಬರುವುದು ಕಡಮೆ. ನನಗೆ ಈ ಬಿಚ್ಚಿದವರ ಕಥೆಯಲ್ಲಿಯೇ ಆಸಕ್ತಿ.

ಗಿಟಾರಿನ ದಂಡಿಗೆ ಮರ ಸಿಕ್ಕಿದ್ದು ಒಂದು ಅಗ್ಗಿಷ್ಟಿಕೆಯಿಂದ. ಚಳಿಯ ದೇಶದ ಮನೆಗಳಲ್ಲಿ ಗೋಡೆಗೂಡಿನೊಳಗೆ ಬೆಂಕಿ ಹಾಕುವ ಜಾಗವಿರುತ್ತದಷ್ಟೆ. ಅದರ ಸುತ್ತ ಅಲಂಕಾರಕ್ಕೆಂದು ಕಟ್ಟಿದ್ದ, ನೂರು ವರ್ಷಕ್ಕೂ ಹಳೆಯದಾದ ಮಹಾಗನಿ ಚೌಕಟ್ಟನ್ನು ಯಾರೋ ತೆಗೆದುಹಾಕಿದ್ದರು. ಮರದಲ್ಲಿ ಹುಳು ಕೊರೆದ ತೂತುಗಳಿದ್ದುವು. ಹುಡುಗ ಅವುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದನು. ಒಡಲಿನ ನಡುಭಾಗಕ್ಕೆ ಹಳೆಯ ಮೇಜೊಂದರ ಓಕ್ ಮರ. ಅದರ ಇಕ್ಕೆಲಕ್ಕೆ ಅಗ್ಗದ ಹಲಗೆ. ಮೇಲೆ ಮಹಾಗನಿಯ ತೆಳು ಹೊದಿಕೆ. ಬೆರಳಿಗೆ ಗುರುತು ಸಿಕ್ಕಲೆಂದು ದಂಡಿಯ ಮೇಲೆ ಕೂರಿಸಿದ ಚುಕ್ಕೆಗಳು ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು.

ಇವೆಲ್ಲ ಕೇಳಲು ಸೊಗಸಾದ ಸಂಗತಿಗಳು; ಪತ್ರಿಕೆಗಳು ಮತ್ತೆ ಮತ್ತೆ ಬರೆಯುವುದೂ ಇವನ್ನೇ. ಆದರೆ ನನ್ನ ದೃಷ್ಟಿಯಲ್ಲಿ ಆ ಇಬ್ಬರ ನಿಜವಾದ ಜಾಣ್ಮೆ ಕಾಣುವುದು ಕಬ್ಬಿಣದ ಕೆಲಸದಲ್ಲಿ. ವಿದ್ಯುತ್ ಗಿಟಾರಿಗೆ ಒಂದು ಹಿಡಿ ಇರುತ್ತದೆ. ಅದನ್ನು ಅದುಮಿದರೆ ಆರು ತಂತಿಗಳ ಬಿಗಿಯೂ ಒಟ್ಟಿಗೆ ಸಡಿಲವಾಗಿ ನಾದ ಕೆಳಕ್ಕೆ ಜಾರುತ್ತದೆ. ಬಿಟ್ಟರೆ ಮತ್ತೆ ಸ್ವಸ್ಥಾನಕ್ಕೆ ಬರಬೇಕು. ಬರಬೇಕು ಎನ್ನುವುದರಲ್ಲಿಯೇ ಕಷ್ಟವಿರುವುದು. ಅಗ್ಗದ ಗಿಟಾರುಗಳಲ್ಲಿ ಅದು ಬರುವುದಿಲ್ಲ. ತಂತಿ ಎಲ್ಲಿಯೋ ಉಜ್ಜಿಕೊಂಡು ನಿಲ್ಲುತ್ತದೆ, ಶ್ರುತಿ ಕೂದಲೆಳೆಯಷ್ಟು ತಪ್ಪುತ್ತದೆ. ಹಾಡಿನ ನಡುವೆ ಆ ಕೂದಲೆಳೆಯೇ ತೊಲೆಯಾಗುತ್ತದೆ. ತಂದೆ ಮಗ ಇಬ್ಬರೂ ಈ ಉಜ್ಜುವಿಕೆಯ ಬೆನ್ನು ಹತ್ತಿದರು. ಗಟ್ಟಿ ಉಕ್ಕಿನ ಒಂದು ಅಲಗಿನ ಮೇಲೆ, ತಕ್ಕಡಿಯ ದಂಡ ಮುಳ್ಳಿನ ಮೇಲೆ ತೂಗುವ ಹಾಗೆ, ಇಡೀ ಯಂತ್ರ ತೂಗುವಂತೆ ಮಾಡಿದರು. ತಂತಿಗಳ ಎಳೆತಕ್ಕೆ ಎದುರಾಗಿ ಹಳೆಯ ಮೋಟಾರು ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗುಗಳನ್ನು ಇಟ್ಟರು. ಕುದುರೆಯ ಮೇಲೆ ತಂತಿ ಕೂರುವ ಒಂದೊಂದು ಜಾಗದಲ್ಲಿಯೂ ಕೈಯಿಂದ ಅರೆದು ಮಾಡಿದ ಪುಟ್ಟ ಉಕ್ಕಿನ ಉರುಳೆಗಳು. ತಂತಿ ಸರಿದರೆ ಅದೂ ಉರುಳುತ್ತದೆ, ತಡೆಯುವುದಿಲ್ಲ. ಹಿಡಿಯಾದದ್ದು ಬೈಸಿಕಲ್ಲಿನ ಸೀಟಿನ ಚೀಲಕ್ಕೆ ಆಧಾರವಾಗಿದ್ದ ಕಂಬಿ. ಅದರ ತುದಿಗೆ ತಾಯಿಯ ಹೆಣಿಗೆ ಕಡ್ಡಿಯ ತುಂಡು.

ಇನ್ನು ಉಳಿದದ್ದು ಕಿವಿ. ಕಿವಿಯೆಂದರೆ ಪಿಕಪ್. ನಮ್ಮ ವೀಣೆಯಲ್ಲಿ ತಂತಿಯ ಕಂಪನ ಕುದುರೆಯ ಮೂಲಕ ಕೊಡಕ್ಕಿಳಿದು ಮರವೇ ಹಾಡುತ್ತದೆ. ವಿದ್ಯುತ್ ಗಿಟಾರಿನಲ್ಲಿ ಕೇಳುಗನಿಗೆ ನಾದವನ್ನು ಮುಟ್ಟಿಸುವುದು ತಂತಿಯ ಕೆಳಗಿರುವ ಅಯಸ್ಕಾಂತ ಹಾಗೂ ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲಿನಷ್ಟು ತೆಳುವಾದ ತಾಮ್ರದ ಎಳೆ. ಉಕ್ಕಿನ ತಂತಿ ಅಲುಗಿದರೆ ಅಯಸ್ಕಾಂತದ ಕ್ಷೇತ್ರ ಕದಡುತ್ತದೆ, ಕದಡಿದರೆ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ಇದನ್ನು ಗಿಟಾರಿಗೆ ಯಶಸ್ವಿಯಾಗಿ ಹೊಂದಿಸಿದವರು 1931ರಲ್ಲಿ ಲಾಸ್ ಏಂಜಲೀಸಿನ ಜಾರ್ಜ್ ಬೋಷಾಂ. ಅವರ ಅಲ್ಯೂಮಿನಿಯಮ್ ಗಿಟಾರಿನ ಆಕಾರ ನೋಡಿ ಜನ ಅದನ್ನು 'ಬಾಣಲೆ' ಎಂದು ಕರೆದರು.

ಫೆಲ್ಥಮಿನ ಹುಡುಗ ಈ ಪಿಕಪ್ಪನ್ನೂ ತಾನೇ ಮಾಡಿದನು. ಅಂಗಡಿಯಲ್ಲಿ ಸಿಕ್ಕುತ್ತಿದ್ದ ಗುಂಡಿಯಾಕಾರದ ಅಯಸ್ಕಾಂತಗಳನ್ನು ತಂತಿಗೊಂದರಂತೆ ಸಾಲಾಗಿ ಇಟ್ಟು, ಮನೆಯಲ್ಲಿಯೇ ಮಾಡಿಕೊಂಡ ರಾಟೆಯಂಥ ಸಾಧನದಿಂದ ತಾಮ್ರದ ಎಳೆಯನ್ನು ಸುತ್ತಿದನು. ನಾದ ಬಂದಿತು, ಚೆನ್ನಾಗಿಯೇ ಬಂದಿತು. ದೋಷ ಕಂಡದ್ದು ಅನಂತರ. ಅಯಸ್ಕಾಂತಗಳನ್ನು ಒಂದರ ಉತ್ತರ ಧ್ರುವ ಮೇಲಾದರೆ ಮುಂದಿನದರ ದಕ್ಷಿಣ ಧ್ರುವ ಮೇಲಾಗುವಂತೆ ಜೋಡಿಸಲಾಗಿತ್ತು. ತಂತಿಯನ್ನು ನೆಟ್ಟಗೆ ಮೀಟಿದಾಗ ಬಾಧಕವಿಲ್ಲ. ವೈಣಿಕರು ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ನುಡಿಸುವಂತೆ ಗಿಟಾರಿನವರೂ ಎಳೆಯುತ್ತಾರೆ. ಹಾಗೆ ಎಳೆದಾಗ ತಂತಿ ಒಂದು ಧ್ರುವದ ಮೇಲಿನಿಂದ ಅದಕ್ಕೆ ವಿರುದ್ಧವಾದ ಇನ್ನೊಂದರ ಮೇಲಕ್ಕೆ ಸರಿಯುತ್ತಿತ್ತು. ಸ್ವರದ ನಡುವೆ ಗಾಳಿ ಬೀಸಿದಂಥ ಅಸಹಜ ಸದ್ದೊಂದು ಏಳುತ್ತಿತ್ತು. ಎಂದರೆ, ಆ ಕಿವಿಗೆ ಸ್ವರ ಕೇಳುತ್ತಿತ್ತು, ಗಮಕ ಕೇಳುತ್ತಿರಲಿಲ್ಲ.

ಇಲ್ಲಿ ಹುಡುಗ ಏನು ಮಾಡಬಹುದಾಗಿತ್ತು? ತಾನೇ ಸುತ್ತಿದ ಪಿಕಪ್ಪಿನ ಮೇಲಿನ ಅಭಿಮಾನದಿಂದ, ತಂತಿಯನ್ನು ಎಳೆಯದೆಯೇ ನುಡಿಸುವ ಶೈಲಿಯೊಂದನ್ನು ರೂಢಿಸಿಕೊಳ್ಳಬಹುದಾಗಿತ್ತು. ವಾದ್ಯದ ಕೊರತೆಗೆ ತಕ್ಕಂತೆ ಬೆರಳನ್ನು ಬಗ್ಗಿಸಿಕೊಂಡವರು ಲೋಕದಲ್ಲಿ ಎಷ್ಟೋ ಮಂದಿ. ಇವನು ಹಾಗೆ ಮಾಡಲಿಲ್ಲ. ಮನೆಯಲ್ಲಿ ಮಾಡಿದವನ್ನು ಕಿತ್ತು, ಬರ್ನ್ಸ್ ಎಂಬ ಇಂಗ್ಲಿಷ್ ಕಂಪನಿಯ 'ಟ್ರೈ-ಸಾನಿಕ್' ಪಿಕಪ್ಪುಗಳು ಮೂರನ್ನು ಕೊಂಡು ತಂದನು. ಅವುಗಳಲ್ಲಿ ತಂತಿಗೊಂದು ಗುಂಡಿಯಿಲ್ಲ, ಉದ್ದನೆಯ ಪಟ್ಟಿಯಂಥ ಅಯಸ್ಕಾಂತ. ತಂತಿ ಎತ್ತ ಸರಿದರೂ ಅದಕ್ಕೆ ಒಂದೇ. ಸಾಕಷ್ಟು ಕಷ್ಟಪಟ್ಟು ಸ್ವಂತ ಕೈಯಿಂದ ಮಾಡಿದ್ದನ್ನು ಆ ವಯಸ್ಸಿನಲ್ಲಿ ಹೀಗೆ ಕಿತ್ತುಹಾಕುವುದು ಸುಲಭವಲ್ಲ. ಒಂದು ಪದ್ಯವನ್ನೇ ಹೊಡೆದುಹಾಕಲು ನಮಗೆಷ್ಟು ಸಂಕಟವಾಗುತ್ತದೆ!

ಕೊಂಡುತಂದದ್ದನ್ನೂ ಅವನು ಹಾಗೆಯೇ ಬಿಡಲಿಲ್ಲ. ಪಿಕಪ್ಪಿನೊಳಗೆ ಸುರುಳಿ ಸಡಿಲವಾಗಿದ್ದರೆ, ಧ್ವನಿವರ್ಧಕದ ಜೋರು ಹೆಚ್ಚಿದಾಗ ಸುರುಳಿಯೇ ಕಂಪಿಸಿ ಕರ್ಕಶವಾಗಿ ಕಿರುಚುತ್ತದೆ. ಸಭೆ ಸಮಾರಂಭಗಳಲ್ಲಿ ಮೈಕು ಕಿರುಚುವುದನ್ನು ಕೇಳದವರು ಯಾರು? ಅದನ್ನು ತಡೆಯಲು ನಮ್ಮ ಮನೆಗಳಲ್ಲಿಯೂ ಪರಿಚಿತವಾದ ಆರಲ್ಡೈಟ್ ಅಂಟನ್ನು ಪಿಕಪ್ಪಿನೊಳಕ್ಕೆ ತುಂಬಿ ಗಟ್ಟಿಮಾಡಿದನು. ಇದರಲ್ಲಿ ಒಂದು ಸೂಕ್ಷ್ಮವಿದೆ. ಧ್ವನಿವರ್ಧಕದ ಸದ್ದು ಮರಳಿ ಗಿಟಾರನ್ನು ಮುಟ್ಟಿ, ತಂತಿ ತಾನಾಗಿಯೇ ದೀರ್ಘವಾಗಿ ನುಡಿಯುತ್ತ ಹೋಗುವುದು ಅವನಿಗೆ ಬೇಕಾಗಿತ್ತು. ಅದಕ್ಕಾಗಿಯೇ ಒಡಲಿನೊಳಗೆ ಟೊಳ್ಳುಗಳನ್ನು ಬಿಟ್ಟಿದ್ದನು. ತಂತಿ ಹಾಡಬೇಕು, ಸುರುಳಿ ಕಿರುಚಬಾರದು. ಎರಡಕ್ಕೂ ಕಾರಣ ಒಂದೇ. ಒಂದನ್ನು ಉಳಿಸಿಕೊಂಡು ಮತ್ತೊಂದನ್ನು ಅಂಟಿನಲ್ಲಿ ಮುಳುಗಿಸಿದ್ದು ವಿವೇಕ. ಇದಲ್ಲದೆ ಮೂರು ಪಿಕಪ್ಪುಗಳಿಗೂ ಎರಡೆರಡು ಸ್ವಿಚ್ಚುಗಳನ್ನು ಇಟ್ಟನು: ಒಂದು ಹೊತ್ತಿಸಲು ಆರಿಸಲು, ಇನ್ನೊಂದು ವಿದ್ಯುತ್ತಿನ ದಿಕ್ಕನ್ನು ತಿರುಗಿಸಲು. ಒಂದೇ ಗಿಟಾರಿನಿಂದ ಹಲವು ಕಂಠಗಳು ಹೊರಟವು.

ಇದಾದ ಹತ್ತು ಹನ್ನೆರಡು ವರ್ಷಗಳ ಮೇಲೆ ಅಮೆರಿಕದಲ್ಲಿ ಇನ್ನೊಬ್ಬ ಯುವಕ ಇದೇ ಕೆಲಸಕ್ಕೆ ಕೈಹಾಕಿದನು. ಅವನ ದಾರಿ ಮಾತ್ರ ತೀರ ಬೇರೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 1955ರಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಎಡ್ಡಿ ವ್ಯಾನ್ ಹೇಲನ್‌ಗೆ ಮೇ ಅವರಂತೆ ವರ್ಷಗಟ್ಟಲೆ ಕೂತು ಅರೆಯುವ ತಾಳ್ಮೆ ಇರಲಿಲ್ಲ. ಗಿಬ್ಸನ್ ಗಿಟಾರಿನ ತುಂಬುನಾದ, ಫೆಂಡರ್ ಗಿಟಾರಿನ ಹಿಡಿ, ಎರಡೂ ಒಂದೇ ವಾದ್ಯದಲ್ಲಿ ಬೇಕು ಎಂಬುದು ಅವನ ಹಟ. ಖೋಡಿ ಮಾಲೆಂದು ಬದಿಗಿಟ್ಟಿದ್ದ ಒಡಲನ್ನು 50 ಡಾಲರಿಗೂ ದಂಡಿಯನ್ನು 80 ಡಾಲರಿಗೂ ಕೊಂಡನು. ತನ್ನ ಗಿಬ್ಸನ್ನಿನಿಂದ ಪಿಕಪ್ ಕಿತ್ತು, ಉಳಿಯಿಂದ ಕೆತ್ತಿದ ಗುಳಿಯಲ್ಲಿ ಕೂರಿಸಿದನು. ಎರಡು ಕಂಪನಿಗಳ ತಂತಿಗಳ ಅಂತರ ಬೇರೆಯಾದ್ದರಿಂದ ಅದನ್ನು ಓರೆಯಾಗಿ ಇಡಬೇಕಾಯಿತು. ಈ ಪಿಕಪ್ ಗಿಬ್ಸನ್ನಿನ ಸೆತ್ ಲವರ್ 1955ರಲ್ಲಿ ರೂಪಿಸಿದ್ದು. ಇದರಲ್ಲಿ ಒಂದಕ್ಕೊಂದು ಎದುರಾದ ಎರಡು ಸುರುಳಿಗಳಿರುವುದರಿಂದ ಮನೆಯ ವಿದ್ಯುತ್ತಿನ ಗುಂಯ್ ಎಂಬ ಸದ್ದು ಪರಸ್ಪರ ರದ್ದಾಗುತ್ತದೆ.

ಸುರುಳಿಯ ಕಿರುಚಾಟ ಅವನನ್ನೂ ಕಾಡಿತು. ಅವನು ಕಂಡುಕೊಂಡ ಮದ್ದು ಮೇಣ. ಮೇಣ ಕರಗಿಸಿ ಪಿಕಪ್ಪನ್ನು ಅದರಲ್ಲಿ ಅದ್ದುವುದು. ಹದ ತಿಳಿಯುವುದರೊಳಗೆ ಕೆಲವು ಪಿಕಪ್ಪುಗಳು ಕರಗಿಯೇ ಹೋದವು. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವ ನಮ್ಮ ಕುಶಲಕರ್ಮಿಗಳಿಗೆ ಈ ಹದದ ಕಷ್ಟ ವಿವರಿಸಬೇಕಾಗಿಲ್ಲ. ಒಳಗಿನ ತಂತಿ ಜೋಡಣೆ ಅರ್ಥವಾಗದೆ ಅವನು ಒಂದೇ ಪಿಕಪ್, ಒಂದೇ ತಿರುಗಣೆ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕೈಬಿಟ್ಟನು. 1978ರಲ್ಲಿ ಹೊರಬಂದ ಅವನ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ಕೇಳಿಸುವುದು ಈ ಅರೆಬರೆ ಜ್ಞಾನದ ಗಿಟಾರು. ಎಡ್ಡಿ 2020ರಲ್ಲಿ ತೀರಿಕೊಂಡನು.

ಅಷ್ಟು ಹೊತ್ತಿಗೆ ಪಿಕಪ್ ಬದಲಿಸುವುದು ಒಂದು ಉದ್ಯಮವೇ ಆಗತೊಡಗಿತ್ತು. ನ್ಯೂಯಾರ್ಕಿನಲ್ಲಿ ಗಿಟಾರು ರಿಪೇರಿ ಮಾಡುತ್ತಿದ್ದ ಲ್ಯಾರಿ ಡಿಮಾರ್ಜಿಯೋ 1970ರ ದಶಕದ ಮೊದಲ ಭಾಗದಲ್ಲಿಯೇ, ಹಳೆಯದನ್ನು ತೆಗೆದು ಅದೇ ಗುಳಿಯಲ್ಲಿ ಕೂರಿಸಬಹುದಾದ ಹೆಚ್ಚು ಬಲದ ಪಿಕಪ್ ತಯಾರಿಸಿ ಮಾರಿದರು. 1976ರಲ್ಲಿ ಸೇಮೂರ್ ಡಂಕನ್ ಅವರ ಕಂಪನಿ ಬಂದಿತು. ಅಂದಿನಿಂದ ಅಗ್ಗದ ಗಿಟಾರು ಕೊಂಡ ಪ್ರತಿಯೊಬ್ಬ ಹುಡುಗನಿಗೂ ಒಂದು ಆಸೆ ಅಂಟಿಕೊಂಡಿತು: ಪಿಕಪ್ ಬದಲಿಸಿದರೆ ಸಾಕು, ವಾದ್ಯ ಮೇಲ್ಜಾತಿಯದಾಗುತ್ತದೆ ಎಂದು.

ಈ ಆಸೆಯ ವಿಷಯದಲ್ಲಿ ನನಗೆ ಸ್ವಲ್ಪ ಅನುಮಾನವಿದೆ. ಪಿಕಪ್ ಕೇಳುತ್ತದೆಯೇ ಹೊರತು ಹಾಡುವುದಿಲ್ಲ. ಬಿರಡೆ ಜಾರುತ್ತಿದ್ದರೆ, ದಂಡಿಯ ತುದಿಯಲ್ಲಿ ತಂತಿ ಕೂರುವ ಗೀರು ಸರಿಯಾಗಿಲ್ಲದಿದ್ದರೆ, ಕುದುರೆ ಅಲುಗುತ್ತಿದ್ದರೆ, ಒಳ್ಳೆಯ ಪಿಕಪ್ ಆ ಅಪಶ್ರುತಿಯನ್ನು ಇನ್ನಷ್ಟು ಸ್ಪಷ್ಟವಾಗಿ ಊರಿಗೆಲ್ಲ ಕೇಳಿಸುತ್ತದೆ, ಅಷ್ಟೆ. ಫೆಲ್ಥಮಿನ ತಂದೆ ಮಗ ಮೊದಲು ಉರುಳೆ, ಅಲಗು, ಸ್ಪ್ರಿಂಗುಗಳಿಗೆ ಅಷ್ಟೊಂದು ದುಡಿದಿದ್ದರಿಂದಲೇ ಕೊಂಡುತಂದ ಪಿಕಪ್ಪಿಗೆ ಅಲ್ಲಿ ಬೆಲೆ ಬಂದಿತು.

ಅಗ್ಗದ್ದೆಲ್ಲ ಕೀಳು ಎಂದೂ ತಿಳಿಯಬಾರದು. ಅಮೆರಿಕದಲ್ಲಿ ನೇಥನ್ ಡೇನಿಯಲ್ ಎಂಬಾತ ತುಟಿಬಣ್ಣದ ಲೋಹದ ಕೊಳವೆಗಳೊಳಗೆ ಸುರುಳಿ ಇಟ್ಟು ಪಿಕಪ್ ಮಾಡಿ, ಮರದ ಚೌಕಟ್ಟಿಗೆ ಒತ್ತುಹಲಗೆ ಹೊಡೆದು ಗಿಟಾರು ಮಾರುತ್ತಿದ್ದನು. ಅವನ ಡೇನೆಲೆಕ್ಟ್ರೋ ಗಿಟಾರನ್ನು ಲೆಡ್ ಝೆಪೆಲಿನ್ ತಂಡದ ಜಿಮ್ಮಿ ಪೇಜ್ ವೇದಿಕೆಯ ಮೇಲೆ ನುಡಿಸಿದರು. ರೈ ಕೂಡರ್ ಎಂಬ ಗಿಟಾರುವಾದಕರ ಸಂಗತಿ ಇನ್ನೂ ಸ್ವಾರಸ್ಯದ್ದು. ಗಿಟಾರಿಗೆ ತರಫಿನ ತಂತಿಗಳನ್ನು ಸೇರಿಸಿ ಮೋಹನವೀಣೆಯನ್ನು ರೂಪಿಸಿದ ನಮ್ಮ ವಿಶ್ವಮೋಹನ ಭಟ್ಟರೊಡನೆ ನುಡಿಸಿ, 1993ರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಹಂಚಿಕೊಂಡವರು ಇವರೇ. ಇವರು ತಮ್ಮ ಉತ್ತಮ ಫೆಂಡರ್ ಗಿಟಾರಿನ ಪಿಕಪ್ ತೆಗೆದು, ಜಪಾನಿನ ಟೈಸ್ಕೋ ಎಂಬ ಅಗ್ಗದ ಗಿಟಾರಿನ ಪಿಕಪ್ಪನ್ನು ಅಲ್ಲಿ ಹಾಕಿಸಿಕೊಂಡರು. ಎಲ್ಲರೂ ಕೀಳಿಗೆ ಮೇಲನ್ನು ಜೋಡಿಸುವಾಗ ಇವರು ಮೇಲಿಗೆ ಕೀಳನ್ನು ಜೋಡಿಸಿದರು. ಅವರ ಕಿವಿಗೆ ಬೇಕಾದ ನಾದ ಅಲ್ಲಿದ್ದಿತು.

ಮತ್ತೆ ಫೆಲ್ಥಮಿಗೆ ಬರೋಣ. ಗಿಟಾರಿನ ಕೆಲಸ ನಡೆಯುತ್ತಿದ್ದ 1964ರಲ್ಲಿಯೇ, ಅದೇ ಬಡಾವಣೆಗೆ, ಕೆಲವೇ ಬೀದಿಗಳ ಆಚೆಗೆ, ಜಾಂಜಿಬಾರಿನಿಂದ ಪಾರ್ಸಿ ಕುಟುಂಬವೊಂದು ಬಂದು ನೆಲೆಸಿತು. ಅವರ ಮಗ ಫರೋಖ್ ಬಲ್ಸಾರ ನಮ್ಮ ನೆರೆಯ ಸಾತಾರಾ ಜಿಲ್ಲೆಯ ಪಂಚಗನಿಯ ಶಾಲೆಯಲ್ಲಿ ಓದಿದವನು. ಇಬ್ಬರಿಗೂ ಆಗ ಪರಿಚಯವಿಲ್ಲ. 1970ರಲ್ಲಿ ಕ್ವೀನ್ ತಂಡ ಕೂಡಿಕೊಂಡಾಗ ಅದರ ಹಾಡುಗಾರ ಇವನೇ. ಲೋಕ ಫ್ರೆಡ್ಡಿ ಮರ್ಕ್ಯುರಿ ಎಂದು ಬಲ್ಲದ್ದು ಇವನನ್ನೇ.

ಬ್ರಯಾನ್ ಆ ವೇಳೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಖಗೋಳ ವಿಜ್ಞಾನದ ಸಂಶೋಧನೆಯಲ್ಲಿದ್ದರು. ಅದನ್ನು ಅರ್ಧಕ್ಕೆ ಬಿಟ್ಟು ಸಂಗೀತಕ್ಕೆ ಹೊರಟಾಗ ತಂದೆಗೆ ಸಹಿಸಲಾಗಲಿಲ್ಲ. ಹೊಟ್ಟೆಬಟ್ಟೆ ಕಟ್ಟಿ ಓದಿಸಿದ ಮಗ. ಕೆಲಕಾಲ ಇಬ್ಬರ ನಡುವೆ ಮಾತೇ ನಿಂತುಹೋಗಿತ್ತೆಂದು ಮಗನೇ ಹೇಳಿಕೊಂಡಿದ್ದಾರೆ. ಆ ಸಂಶೋಧನೆಯನ್ನು ಅವರು ಮುಗಿಸಿ ಡಾಕ್ಟರೇಟ್ ಪಡೆದದ್ದು 2007ರಲ್ಲಿ. ತಂದೆ 1988ರಲ್ಲಿಯೇ ತೀರಿಕೊಂಡಿದ್ದರು. ಆದರೆ 1970ರ ದಶಕದ ಕೊನೆಯ ಭಾಗದಲ್ಲಿ ಒಮ್ಮೆ ಮಗ ತಂದೆತಾಯಿಯರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಬೃಹತ್ ಸಭಾಂಗಣದಲ್ಲಿ ಸಹಸ್ರಾರು ಜನರ ನಡುವೆ ಕುಳಿತು ತಂದೆ ಕೇಳಿದರು. ಕಛೇರಿ ಮುಗಿದ ಮೇಲೆ ಮಗನ ಕೈಕುಲುಕಿ, ತಮಗೆ ಈಗ ಅರ್ಥವಾಯಿತೆಂದರು. ಆ ರಾತ್ರಿ ಮಗನ ಕೈಯಲ್ಲಿದ್ದುದು ಅಗ್ಗಿಷ್ಟಿಕೆಯ ಮರದ ಗಿಟಾರು. ಅದರೊಳಗಿದ್ದುದು ಬರ್ನ್ಸ್ ಪಿಕಪ್ಪುಗಳು, ಅದರ ಹಿಡಿ ಬೈಸಿಕಲ್ಲಿನ ಕಂಬಿ.

(ಬಾನುಲಿ ಭಾಷಣ)